ಅಪ್‌ಡೇಟ್: ಇಳಿಜಾರಲ್ಲಿ ನಿಂತುಬಿಡುತ್ತಿದ್ದ ಕುದುರೆ

ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ ನಮ್ಮ ಮಾರ್ವಾಡಿ ತಳಿಯ ಹೆಣ್ಣು ಕುದುರೆ ಏರು ಸಲೀಸಾಗಿ ಹತ್ತಿ, ಇಳಿಜಾರು ಬಂದ ಕೂಡಲೇ ಕಿವಿ ಹಿಂದಕ್ಕೆ ಮಾಡಿ ನಿಂತುಬಿಡುತ್ತೆ, ಯಾಕೆ ಅಂತ ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. "ಬರೀ ಹಟ, ಎರಡು ಬಾರಿಸಿ" ಅಂದವರಿಗೆ ದೊಡ್ಡ ನಮಸ್ಕಾರ. ಜೀನು (ಸವಾರ ಕೂರೋ ತಡಿ) ಸರಿ ಇದೆಯಾ ನೋಡಿ ಅಂದವರು ಗೆದ್ರಿ.

ಸವಾರಿ ಮುಗಿಸಿ ಜೀನು ಇಳಿಸಿದಾಗ ಬೆನ್ನೆಲ್ಲ ಬೆವರಲ್ಲಿ ತೊಯ್ದಿತ್ತು, ಭುಜದ ಹಿಂದೆ ಮಾತ್ರ ಎರಡೂ ಕಡೆ ಅಂಗೈಯಗಲ ಒಣ ಜಾಗ. ಒತ್ತಡ ಜಾಸ್ತಿ ಬಿದ್ದ ಕಡೆ ಬೆವರೋದಿಲ್ಲ ಅಂದ್ರು ಪಶುವೈದ್ಯರು. ಬೆರಳಲ್ಲಿ ಒತ್ತಿದ್ರೆ ಚರ್ಮ ಅದುರಿಸಿ ಪಕ್ಕಕ್ಕೆ ಸರಿದಳು. ಇಳಿಯುವಾಗ ಜೀನು ಮುಂದಕ್ಕೆ ಜಾರಿ ಭುಜಕ್ಕೆ ಒತ್ತುತ್ತಿತ್ತು, ಅಷ್ಟೇ. ಸರಿಹೊಂದುವ ಅಗಲದ ಜೀನು ಹಾಕಿ, ಅದು ಮುಂದಕ್ಕೆ ಜಾರದ ಹಾಗೆ ಬಾಲದ ಬುಡಕ್ಕೆ ಪಟ್ಟಿ ಕಟ್ಟಿದ್ದೇವೆ (ಮೊದಲ ದಿನ ಒದ್ದಳು!). ಈಗ ಲಗಾಮು ಸಡಿಲ ಬಿಟ್ಟರೆ ತಾನೇ ಹೆಜ್ಜೆ ಹುಡುಕಿಕೊಂಡು ಇಳೀತಾಳೆ.

ಗೊರಸೂ ಬೆಳೆದಿತ್ತು. 6ರಿಂದ 8 ವಾರಕ್ಕೊಮ್ಮೆ ಸವರಿ ಲಾಳ ಬದಲಿಸಬೇಕು. ಲಾಳ ಕಟ್ಟುವವರು ನಮ್ಮ ಕಡೆ ಸಿಗೋದೇ ಕಷ್ಟ, ಅದು ಬೇರೆ ಕತೆ.

ಕುದುರೆಗೆ ಹುರುಳಿ ಕೊಡ್ತೀರಾ ಅಂತ ಕೇಳಿದವರಿಗೆ: ಬೇಯಿಸಿ ಕೊಡ್ತೀವಿ, ಸ್ವಲ್ಪವೇ. ಹೊಟ್ಟೆ ತುಂಬಬೇಕಾದ್ದು ಹುಲ್ಲಿಂದ. ಮಳೆ ಹಿಡಿದರೆ ಕೆಮ್ಮಣ್ಣು ಜಾರುತ್ತೆ, ಅಲ್ಲಿಯವರೆಗೆ ಮಾತ್ರ ಈ ಸವಾರಿ.