ಫುಟ್‌ಬಾಲ್ ಟಿಕೆಟ್ ಮರುಮಾರಾಟ ಅಪರಾಧ, ಕಾನ್ಸರ್ಟ್ ಟಿಕೆಟ್ ಮರುಮಾರಾಟ ವ್ಯಾಪಾರ: ಬ್ರಿಟನ್ನಿನಲ್ಲಿ ಈ ಭೇದ ಏಕೆ?

ಪ್ರಶ್ನೆ — ಪ್ರವಾಸಿ ಪ್ರೇಕ್ಷಕ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ನೆಲೆಸಿರುವ ಅಕ್ಕನ ಮನೆಗೆ ಮುಂದಿನ ಏಪ್ರಿಲ್‌ನಲ್ಲಿ ಹೋಗುವವನಿದ್ದೇನೆ. ಅಲ್ಲಿದ್ದಾಗ ಒಂದು ಪ್ರೀಮಿಯರ್ ಲೀಗ್ ಪಂದ್ಯವನ್ನೂ ಒಂದು ದೊಡ್ಡ ಕಾನ್ಸರ್ಟನ್ನೂ ನೋಡಬೇಕೆಂಬ ಆಸೆಯಿದೆ. ಎರಡರ ಅಧಿಕೃತ ಮಾರಾಟದಲ್ಲೂ ಟಿಕೆಟ್ ಮುಗಿದಿದೆ ಎಂದು ತೋರಿಸುತ್ತಿದೆ. ಆದರೆ ಮರುಮಾರಾಟದ ಜಾಲತಾಣಗಳಲ್ಲಿ ಎರಡೂ ಧಾರಾಳವಾಗಿ, ಮೂರು ನಾಲ್ಕು ಪಟ್ಟು ಬೆಲೆಗೆ ಸಿಗುತ್ತಿವೆ.

ಭಾವನವರನ್ನು ಕೇಳಿದಾಗ, ಕಾನ್ಸರ್ಟಿನ ಟಿಕೆಟನ್ನು ಬೇಕಿದ್ದರೆ ಅಲ್ಲಿ ಕೊಂಡುಕೊಳ್ಳಬಹುದು, ಫುಟ್‌ಬಾಲ್ ಟಿಕೆಟಿನ ತಂಟೆಗೆ ಮಾತ್ರ ಹೋಗಬೇಡ, ಅದನ್ನು ಮಾರುವುದೇ ಅಪರಾಧ ಎಂದರು. ಒಂದೇ ತಾಣ, ಒಂದೇ ಬಗೆಯ ವ್ಯವಹಾರ, ಬಹುಶಃ ಮಾರುವವನೂ ಒಬ್ಬನೇ. ಹಾಗಿರುವಾಗ ಒಂದು ಅಪರಾಧವಾಗಿ ಇನ್ನೊಂದು ವ್ಯಾಪಾರವಾಗುವುದು ಹೇಗೆ ಎಂಬುದು ನನಗೆ ಅರ್ಥವಾಗುತ್ತಿಲ್ಲ. ಕೊಳ್ಳುವವನ ಮೇಲೂ ಅಪರಾಧ ಬರುತ್ತದೆಯೇ? ಬಲ್ಲವರು ತಿಳಿಸಿಕೊಡಬೇಕಾಗಿ ವಿನಂತಿ.

ಉತ್ತರ — ಕಾಯ್ದೆ ಪುಸ್ತಕ

ನಿಮ್ಮ ಭಾವನವರು ಹೇಳಿದ್ದು ಸರಿಯಾಗಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1994ರ ಕ್ರಿಮಿನಲ್ ಜಸ್ಟಿಸ್ ಅಂಡ್ ಪಬ್ಲಿಕ್ ಆರ್ಡರ್ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ, ಪಂದ್ಯದ ಸಂಘಟಕರ ಲಿಖಿತ ಅನುಮತಿಯಿಲ್ಲದವರು ಫುಟ್‌ಬಾಲ್ ಟಿಕೆಟನ್ನು ಮಾರುವುದು ಅಪರಾಧ. ಇಲ್ಲಿ ಬೆಲೆಯ ಮಾತೇ ಬರುವುದಿಲ್ಲ ಎಂಬುದನ್ನು ಗಮನಿಸಬೇಕು. ಐವತ್ತು ಪೌಂಡಿನ ಟಿಕೆಟನ್ನು ಐನೂರಕ್ಕೆ ಮಾರಿದರೂ ಅಪರಾಧ, ಐವತ್ತಕ್ಕೇ ಮಾರಿದರೂ ಅಪರಾಧ. 2006ರಲ್ಲಿ ಈ ಸೆಕ್ಷನ್ನಿಗೆ ತಿದ್ದುಪಡಿ ತಂದು, ಮಾರಾಟಕ್ಕಿದೆ ಎಂದು ಜಾಹೀರಾತು ಹಾಕುವುದನ್ನೂ, ಬೇರೇನನ್ನೋ ಮಾರಿ ಅದರೊಡನೆ ಟಿಕೆಟನ್ನು 'ಉಚಿತವಾಗಿ' ಕೊಡುವ ಜಾಣತನವನ್ನೂ ಅದರ ವ್ಯಾಪ್ತಿಗೆ ಸೇರಿಸಿದರು. ಅಂತರ್ಜಾಲದ ವ್ಯಾಪಾರವನ್ನು ಕಣ್ಣ ಮುಂದಿಟ್ಟುಕೊಂಡೇ ಆದ ತಿದ್ದುಪಡಿ ಅದು.

ಬೆಲೆಯನ್ನು ಲೆಕ್ಕಿಸದ ಕಾನೂನು ಏಕೆ ಬಂತೆಂದರೆ, ಅದರ ಮೂಲ ಉದ್ದೇಶ ಅಭಿಮಾನಿಯ ಜೇಬು ಕಾಯುವುದಾಗಿರಲಿಲ್ಲ. 1989ರ ಏಪ್ರಿಲ್ 15ರಂದು ಶೆಫೀಲ್ಡ್ ನಗರದ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ನಡೆದ ನೂಕುನುಗ್ಗಲಿನ ದುರಂತ ಕೊನೆಗೆ 97 ಮಂದಿಯನ್ನು ಬಲಿ ತೆಗೆದುಕೊಂಡಿತು. ಅದಕ್ಕೆ ಕಾರಣ ಅಭಿಮಾನಿಗಳಲ್ಲ, ಪೊಲೀಸರ ನಿರ್ವಹಣೆಯ ವೈಫಲ್ಯ ಎಂಬುದನ್ನು ಆ ದುರಂತದ ತನಿಖೆ ನಡೆಸಿದ ನ್ಯಾಯಾಧೀಶ ಲಾರ್ಡ್ ಜಸ್ಟಿಸ್ ಟೇಲರ್ ಆಗಲೇ ಹೇಳಿದ್ದರು, 2016ರ ಮರುವಿಚಾರಣೆಯ ತೀರ್ಪು ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಟಿಕೆಟ್ ದಲ್ಲಾಳಿಗಳಿಗೂ ಆ ಸಾವುಗಳಿಗೂ ನೇರ ಸಂಬಂಧ ಕಟ್ಟಬಾರದು. ಆದರೆ 1990ರ ಜನವರಿಯ ಅಂತಿಮ ವರದಿಯಲ್ಲಿ ಟೇಲರ್ ಅವರು ಕ್ರೀಡಾಂಗಣ ಸುರಕ್ಷತೆಯ ಇಡೀ ವ್ಯವಸ್ಥೆಯನ್ನೇ ಪರಿಶೀಲಿಸಿದರು. ಎರಡು ತಂಡಗಳ ಬೆಂಬಲಿಗರನ್ನು ಬೇರೆ ಬೇರೆ ಸ್ಟ್ಯಾಂಡ್‌ಗಳಲ್ಲಿ ಕೂರಿಸುವ ಪದ್ಧತಿ ಫುಟ್‌ಬಾಲಿನಲ್ಲಿ ಇದೆಯಲ್ಲ, ಹಾದಿಯಲ್ಲಿ ನಿಂತವನು ಯಾರಿಗೆ ಬೇಕಾದರೂ ಯಾವ ಸ್ಟ್ಯಾಂಡಿನ ಟಿಕೆಟನ್ನಾದರೂ ಮಾರತೊಡಗಿದರೆ ಆ ಪದ್ಧತಿ ಮುರಿದುಬೀಳುತ್ತದೆ. ಆದ್ದರಿಂದ ಕಾಳಸಂತೆಯ ಮಾರಾಟವನ್ನು ಅಪರಾಧವಾಗಿಸಬೇಕೆಂದು ಅವರು ಶಿಫಾರಸು ಮಾಡಿದರು. ಮೈದಾನಕ್ಕೆ ನುಗ್ಗುವುದು, ವಸ್ತುಗಳನ್ನು ಎಸೆಯುವುದು, ಜನಾಂಗ ನಿಂದನೆಯ ಘೋಷಣೆ ಕೂಗುವುದು ಇವೆಲ್ಲ 1991ರಲ್ಲೇ ಅಪರಾಧಗಳಾದವು. ಟಿಕೆಟಿನ ಸರದಿ ಬಂದದ್ದು 1994ರಲ್ಲಿ.

ಕಾನ್ಸರ್ಟಿನಲ್ಲಿ ಎದುರಾಳಿ ಪಾಳೆಯವೇ ಇಲ್ಲ. ಹಾಗಾಗಿ ಅಲ್ಲಿ ಶಾಂತಿ ಸುವ್ಯವಸ್ಥೆಯ ಪ್ರಶ್ನೆ ಹುಟ್ಟಲಿಲ್ಲ, ಸಂಸತ್ತು ಅದನ್ನು ಗ್ರಾಹಕ ಮತ್ತು ವ್ಯಾಪಾರಿಯ ನಡುವಿನ ವಿಷಯವೆಂದೇ ಬಗೆಯಿತು. 2015ರ ಕನ್ಸ್ಯೂಮರ್ ರೈಟ್ಸ್ ಕಾಯ್ದೆಯು ಮರುಮಾರಾಟವನ್ನು ತಡೆಯಲಿಲ್ಲ. ಸೀಟು ಎಲ್ಲಿದೆ, ಮುಖಬೆಲೆ ಎಷ್ಟು, ಟಿಕೆಟಿನ ಮೇಲೆ ಏನಾದರೂ ನಿರ್ಬಂಧವಿದೆಯೇ ಎಂಬುದನ್ನು ಮಾರುವವನು ತಿಳಿಸಬೇಕು ಎಂದಷ್ಟೇ ಹೇಳಿತು. 2018ರಲ್ಲಿ ಬಂದ ನಿಯಮಗಳು, ಒಬ್ಬರಿಗೆ ಇಷ್ಟೇ ಟಿಕೆಟ್ ಎಂಬ ಮಿತಿಯನ್ನು, ತಾನಾಗಿಯೇ ಟಿಕೆಟ್ ಕೊಳ್ಳುವ ಬಾಟ್ ತಂತ್ರಾಂಶದಿಂದ ಮುರಿದು ಲಾಭಕ್ಕಾಗಿ ಟಿಕೆಟ್ ಬಾಚಿಕೊಳ್ಳುವುದನ್ನು ಅಪರಾಧವಾಗಿಸಿದವು.

ಇನ್ನು ಕೊಳ್ಳುವವನ ವಿಷಯ. 166ನೇ ಸೆಕ್ಷನ್ ಮಾರುವವನ ಮೇಲಿದೆಯೇ ಹೊರತು ಕೊಳ್ಳುವವನ ಮೇಲಲ್ಲ. ಆದರೆ ಕ್ಲಬ್ಬಿನ ಷರತ್ತುಗಳ ಪ್ರಕಾರ ಅಂಥ ಟಿಕೆಟ್ ರದ್ದಾಗಬಹುದು, ಗೇಟಿನಲ್ಲಿ ನಿಮ್ಮನ್ನು ವಾಪಸು ಕಳಿಸಬಹುದು. ದಂಡ ಬೀಳದಿದ್ದರೂ ಹಣ ಹೋಗುತ್ತದೆ, ಆಟವೂ ತಪ್ಪುತ್ತದೆ.

ಉತ್ತರ — ಮಾರುಕಟ್ಟೆ ವಾದಿ

ಮೇಲಿನವರ ಕಾನೂನಿನ ವಿವರಣೆಗೆ ನನ್ನ ತಕರಾರಿಲ್ಲ. ಆದರೆ ದಲ್ಲಾಳಿಗಳನ್ನು ಬೈಯುವ ಮೊದಲು ಬೆಲೆ ನಿಗದಿ ಮಾಡುವವರನ್ನೂ ಸ್ವಲ್ಪ ನೋಡಬೇಕು. ಇಪ್ಪತ್ತು ಸಾವಿರ ಸೀಟಿಗೆ ಎರಡು ಲಕ್ಷ ಜನ ಕಾದಿರುವಾಗ ಟಿಕೆಟನ್ನು ಅರವತ್ತು ಪೌಂಡಿಗೆ ಇಟ್ಟರೆ, ಅದಕ್ಕೆ ಮುನ್ನೂರು ಕೊಡಲು ಸಿದ್ಧನಿರುವವನು ಎಲ್ಲೋ ಇದ್ದೇ ಇರುತ್ತಾನೆ. ನಡುವಿನ ಇನ್ನೂರ ನಲವತ್ತು ಪೌಂಡ್ ಯಾರದ್ದಾದರೂ ಕೈ ಸೇರಲೇಬೇಕು. ದಲ್ಲಾಳಿಯನ್ನು ಓಡಿಸಿದರೆ ಆ ವ್ಯತ್ಯಾಸ ಮಾಯವಾಗುವುದಿಲ್ಲ, ಸಂಘಟಕರೇ ಅದಕ್ಕೆ ಕೈಚಾಚುತ್ತಾರೆ. 2024ರ ಆಗಸ್ಟ್ 31ರಂದು ಓಯಸಿಸ್ ಎಂಬ ರಾಕ್ ಸಂಗೀತ ತಂಡದ ಟಿಕೆಟ್‌ಗಳು ಮಾರಾಟಕ್ಕೆ ಬಂದಾಗ ಸುಮಾರು 150 ಪೌಂಡ್ ಎಂದುಕೊಂಡು ಗಂಟೆಗಟ್ಟಲೆ ಆನ್‌ಲೈನ್ ಸರದಿಯಲ್ಲಿದ್ದವರು, ತಮ್ಮ ಪಾಳಿ ಬರುವ ಹೊತ್ತಿಗೆ ಅದೇ ನಿಲ್ಲುವ ಜಾಗದ ಟಿಕೆಟಿಗೆ 350 ಪೌಂಡಿಗೂ ಮಿಗಿಲಾದ ಬೆಲೆಯನ್ನು ಕಂಡರು. ಡೈನಾಮಿಕ್ ಪ್ರೈಸಿಂಗ್ (ಬೇಡಿಕೆ ಏರಿದಂತೆ ಬೆಲೆ ಏರಿಸುವುದು) ಎಂಬ ಹೆಸರಿನಲ್ಲಿ ನಡೆದ ಆ ಮಾರಾಟ ಅಧಿಕೃತ ತಾಣದಲ್ಲೇ ನಡೆಯಿತು, ದಲ್ಲಾಳಿಯ ಅಂಗಡಿಯಲ್ಲಲ್ಲ.

ಅಲ್ಲದೆ, ಹೋಗಲಾಗದವನು ತನ್ನ ಟಿಕೆಟನ್ನು ಮಾರಿಕೊಳ್ಳಲು ಒಂದು ದಾರಿ ಬೇಕೇ ಬೇಕು. ಆ ದಾರಿಯನ್ನು ಮುಚ್ಚಿದರೆ ವ್ಯಾಪಾರ ಟೆಲಿಗ್ರಾಂ ಗುಂಪುಗಳಿಗೆ ಸರಿಯುತ್ತದೆ, ಅಲ್ಲಿ ಹಣ ವಾಪಸಿನ ಭರವಸೆಯೂ ಇರುವುದಿಲ್ಲ. ಚಾಪೆಯ ಕೆಳಗೆ ತೂರಿದವರನ್ನು ಹಿಡಿಯಹೊರಟರೆ ಅವರು ರಂಗೋಲಿಯ ಕೆಳಗೆ ತೂರುತ್ತಾರೆ.

ಉತ್ತರ — ಬಾಕ್ಸ್ ಆಫೀಸ್

ಬ್ರಿಟನ್ನಿನ ಒಂದು ಸಭಾಂಗಣದ ಟಿಕೆಟ್ ವಿಭಾಗದಲ್ಲಿ ಕೆಲಸ ಮಾಡಿದವನಾದ್ದರಿಂದ ಮಾರುಕಟ್ಟೆ ವಾದಿಯವರ ಮಾತಿಗೆ ಎರಡು ತಿದ್ದುಪಡಿ ಹೇಳಬೇಕೆನಿಸುತ್ತದೆ.

ಓಯಸಿಸ್ ಪ್ರಕರಣದಲ್ಲಿ ಬೆಲೆ ಕ್ಷಣಕ್ಷಣಕ್ಕೂ ಕಂಪ್ಯೂಟರಿನ ಲೆಕ್ಕದಂತೆ ಏರಿತೆಂಬುದಕ್ಕೆ ಸ್ಪರ್ಧಾ ಪ್ರಾಧಿಕಾರವಾದ ಸಿಎಂಎಗೆ ಪುರಾವೆ ಸಿಗಲಿಲ್ಲ. ನಿಲ್ಲುವ ಜಾಗದ ಟಿಕೆಟ್‌ಗಳನ್ನು ಎರಡು ಬೆಲೆಗಳ ಎರಡು ಕಂತುಗಳಾಗಿ ಮೊದಲೇ ವಿಂಗಡಿಸಿಟ್ಟು, ಅಗ್ಗದ ಕಂತು ಖಾಲಿಯಾದೊಡನೆ ದುಬಾರಿಯದ್ದನ್ನು ಬಿಟ್ಟಿದ್ದರು. ಸರದಿಯಲ್ಲಿದ್ದವರಿಗೆ ಅದನ್ನು ತಿಳಿಸಿರಲಿಲ್ಲ ಎಂಬುದು ಆಕ್ಷೇಪ. ಮುಂದೆ ಇಂಥ ಹಂತದ ಬೆಲೆಗಳಿದ್ದರೆ 24 ಗಂಟೆ ಮೊದಲೇ ತಿಳಿಸುವುದಾಗಿ ಆ ಟಿಕೆಟ್‌ಗಳನ್ನು ಮಾರಿದ ಟಿಕೆಟ್‌ಮಾಸ್ಟರ್ ಸಂಸ್ಥೆ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿಕೊಂಡಿತು. ಇದು ನಿಮ್ಮ ವಾದವನ್ನು ಪೂರ್ತಿ ಕೆಡವುವುದಿಲ್ಲ, ನಿಜ.

ಎರಡನೆಯದೇ ಮುಖ್ಯ. ದಲ್ಲಾಳಿ ಇರುವ ಕೊರತೆಯನ್ನು ಎತ್ತಿ ತೋರಿಸುತ್ತಾನೆಂಬ ಮಾತು ಪುಸ್ತಕದಲ್ಲಿ ಚೆನ್ನಾಗಿ ಕಾಣುತ್ತದೆ. ಕೌಂಟರಿನ ಈಚೆ ಕೂತವರಿಗೆ ಕಾಣುವುದು ಬೇರೆ. ಮಾರಾಟ ತೆರೆದ ಮೊದಲ ನಿಮಿಷಗಳಲ್ಲಿ ಒಂದೇ ವಿಳಾಸದ ಸಣ್ಣಪುಟ್ಟ ರೂಪಾಂತರಗಳು ಸಾಲಾಗಿ ಬರುತ್ತವೆ: ಒಂದರಲ್ಲಿ ಮನೆ ಸಂಖ್ಯೆಯ ಮುಂದೆ 'ಎ', ಇನ್ನೊಂದರಲ್ಲಿ 'ಫ್ಲಾಟ್ 1', ಮತ್ತೊಂದರಲ್ಲಿ ಬೀದಿಯ ಹೆಸರಿನ ಸ್ಪೆಲಿಂಗ್ ಬೇರೆ, ಹೆಸರುಗಳು ಬೇರೆ, ಕಾರ್ಡುಗಳು ಬೇರೆ, ಆದರೆ ಪ್ರತಿಯೊಂದರಲ್ಲೂ ಮಿತಿಯಷ್ಟೇ ಟಿಕೆಟ್. ಸಾಮಾನ್ಯ ಪ್ರೇಕ್ಷಕನಿಗೆ 'ಮುಗಿದಿದೆ' ಎಂದು ಕಾಣಿಸುವ ಕೊರತೆಯಲ್ಲಿ ಒಂದು ಪಾಲು ಹೀಗೆ ತಯಾರಾದದ್ದು. ಲೀಡ್ಸ್ ಕ್ರೌನ್ ಕೋರ್ಟ್ 2020ರ ಫೆಬ್ರವರಿಯಲ್ಲಿ ಇಬ್ಬರು ಆನ್‌ಲೈನ್ ದಲ್ಲಾಳಿಗಳಿಗೆ ನಾಲ್ಕು ವರ್ಷ ಮತ್ತು ಎರಡೂವರೆ ವರ್ಷಗಳ ಜೈಲು ಶಿಕ್ಷೆ ವಿಧಿಸಿದ್ದು ಇಂಥ ಕೃತ್ಯಗಳಿಗೇ. ಅದೂ ಟಿಕೆಟ್ ಕಾನೂನಿನಡಿ ಅಲ್ಲ, ವಂಚನೆಯ ಕಾನೂನಿನಡಿ. ತಮ್ಮ ಬಳಿ ಇನ್ನೂ ಇಲ್ಲದ ಟಿಕೆಟನ್ನೇ ಮಾರಿದ್ದೂ ಆ ಆರೋಪಗಳಲ್ಲಿ ಸೇರಿತ್ತು. ಬೆಲೆ ಕಂಡುಹಿಡಿಯುವ ಕೆಲಸಕ್ಕೆ ಸುಳ್ಳು ಹೆಸರುಗಳು ಏಕೆ ಬೇಕು ಎಂಬ ಪ್ರಶ್ನೆಗೆ ಮಾರುಕಟ್ಟೆ ವಾದಿಗಳಿಂದ ನನಗೆ ಇದುವರೆಗೆ ಸಮಾಧಾನಕರ ಉತ್ತರ ಸಿಕ್ಕಿಲ್ಲ.

ಕಲಾವಿದರು ಕಡಿಮೆ ಬೆಲೆ ಇಡುವುದು ಲೆಕ್ಕ ಬಾರದೆ ಅಲ್ಲ. ಕಡಿಮೆ ಸಂಬಳದ ಅಭಿಮಾನಿಯೂ ಬರಲಿ ಎಂಬುದು ಅವರ ಆಯ್ಕೆ. ಗಾಯಕ ಎಡ್ ಶೀರನ್ ಅವರ 2018ರ ಪ್ರವಾಸದಲ್ಲಿ ಕಾಳಸಂತೆ ಸೇರಿದ್ದ ಸಾವಿರಾರು ಟಿಕೆಟ್‌ಗಳನ್ನು ಅವರ ಸಂಘಟಕರು ರದ್ದು ಮಾಡಿಸಿದ್ದು ಅದೇ ಕಾರಣಕ್ಕೆ. ಇದಕ್ಕೆ ತದ್ವಿರುದ್ಧವಾಗಿ ಮೊದಲ ಮಾರಾಟ ಮಾಡುವ ಸಂಸ್ಥೆಯೇ ಮರುಮಾರಾಟದ ತಾಣವನ್ನೂ ನಡೆಸಿ ಎರಡೂ ಕಡೆ ಶುಲ್ಕ ಪಡೆಯುತ್ತಿದ್ದ ಕಾಲವೂ ಇತ್ತು, ಬೇಲಿಯೇ ಎದ್ದು ಹೊಲ ಮೇಯ್ದಂತೆ. ಟಿಕೆಟ್‌ಮಾಸ್ಟರ್ ತನ್ನ ಗೆಟ್‌ಮಿಇನ್ ಮತ್ತು ಸೀಟ್‌ವೇವ್ ತಾಣಗಳನ್ನು ಮುಚ್ಚುವುದಾಗಿ 2018ರಲ್ಲಿ ಪ್ರಕಟಿಸಿತು. ಹೋಗಲಾಗದವನಿಗೆ ದಾರಿ ಬೇಕೆಂಬ ನಿಮ್ಮ ಮಾತನ್ನು ನಾನು ಸಂಪೂರ್ಣ ಒಪ್ಪುತ್ತೇನೆ. ಟ್ವಿಕೆಟ್ಸ್‌ನಂಥ, ಮುಖಬೆಲೆಯನ್ನು ಮೀರಲು ಬಿಡದ ತಾಣಗಳು ಆ ದಾರಿಯನ್ನು ತೋರಿಸಿವೆ.

ಪ್ರವಾಸಿ ಪ್ರೇಕ್ಷಕರೇ, ಕಾನ್ಸರ್ಟಿನ ಟಿಕೆಟನ್ನು ಮರುಮಾರಾಟದಲ್ಲಿ ಕೊಳ್ಳುವುದೇ ಆದರೆ ಗಡಿಯಾರ ಹಿಂದಕ್ಕೆ ಎಣಿಸುವುದನ್ನೂ 'ಇನ್ನು ಎರಡೇ ಉಳಿದಿವೆ' ಎಂಬ ಕೆಂಪು ಅಕ್ಷರವನ್ನೂ ಬಿಟ್ಟು ಸೀಟಿನ ವಿವರವನ್ನು ನೋಡಿ. ಬ್ಲಾಕ್, ಸಾಲು, ಸೀಟಿನ ಸಂಖ್ಯೆ ಮೂರೂ ಇರಬೇಕು. 'ಮೇಲಿನ ಅಂತಸ್ತು, ಸಾಲನ್ನು ನಂತರ ತಿಳಿಸಲಾಗುವುದು' ಎಂದಿದ್ದರೆ ಮಾರುವವನ ಕೈಯಲ್ಲಿ ಟಿಕೆಟ್ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಅಧಿಕೃತ ಮಾರಾಟ ಇನ್ನೂ ಆರಂಭವಾಗದ ಕಾರ್ಯಕ್ರಮದ ಟಿಕೆಟ್ ಅಲ್ಲಿ ಕಂಡರೆ, ಅದು ಮಾರುವವನ ಕೈಯಲ್ಲಿಲ್ಲ ಎಂಬುದರಲ್ಲಿ ಅನುಮಾನವೇ ಬೇಡ. ಹುಡುಕಾಟದ ಫಲಿತಾಂಶದಲ್ಲಿ ಎಲ್ಲಕ್ಕಿಂತ ಮೇಲೆ ಬರುವ ತಾಣ ಅಧಿಕೃತವೆಂದು ನಂಬಬೇಡಿ, ಹಣ ಕೊಟ್ಟು ಹಾಕಿಸಿದ ಜಾಹೀರಾತೂ ಅದೇ ಜಾಗದಲ್ಲಿ ಬರುತ್ತದೆ.

ಫುಟ್‌ಬಾಲಿಗೆ ಮಾತ್ರ ಕ್ಲಬ್ಬಿನ ಸದಸ್ಯತ್ವ ಪಡೆದು ಅದರದೇ ಟಿಕೆಟ್ ಎಕ್ಸ್‌ಚೇಂಜನ್ನು ನೋಡುತ್ತಿರುವುದೇ ಸರಿ. ಇಡೀ ಋತುವಿನ ಪಂದ್ಯಗಳ ಸೀಸನ್ ಟಿಕೆಟ್ ಇರುವವರು ತಾವು ಬರಲಾಗದ ಪಂದ್ಯದ ಸೀಟನ್ನು ಅಲ್ಲಿ ಬಿಟ್ಟುಕೊಡುತ್ತಾರೆ, ಪಂದ್ಯ ಹತ್ತಿರವಾದಂತೆ ಸೀಟುಗಳು ಹೆಚ್ಚು ಬರುವುದುಂಟು. ಬೇರೊಬ್ಬರ ಸೀಸನ್ ಕಾರ್ಡನ್ನೋ, ಟಿಕೆಟ್ ಇರುವ ಫೋನನ್ನೋ ಕೈಗಿತ್ತು, ಆಟ ಮುಗಿದ ಮೇಲೆ ಹಿಂದಿರುಗಿಸಿ ಎನ್ನುವವರು ಸಿಕ್ಕರೆ ಅಲ್ಲಿಂದ ಹೊರಟುಬಿಡಿ.

ಮರುಪ್ರಶ್ನೆ — ಪ್ರವಾಸಿ ಪ್ರೇಕ್ಷಕ

ಇಷ್ಟು ವಿವರವಾಗಿ ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಕ್ಲಬ್ಬಿನ ಸದಸ್ಯತ್ವಕ್ಕೆ ಅರ್ಜಿ ಹಾಕುತ್ತೇನೆ. ಮುಖಬೆಲೆಗಿಂತ ಹೆಚ್ಚಿಗೆ ಮಾರುವುದನ್ನೇ ನಿಷೇಧಿಸುತ್ತಾರೆಂಬ ಸುದ್ದಿಯನ್ನು ಓದಿದ ನೆನಪಿದೆ. ಹಾಗಾದರೆ ಕಾನ್ಸರ್ಟಿಗೂ ಫುಟ್‌ಬಾಲಿನ ಕಾನೂನೇ ಬಂದಂತಾಯಿತೇ?

ಉತ್ತರ — ಕಾಯ್ದೆ ಪುಸ್ತಕ

ಇಲ್ಲ, ಎರಡೂ ಬೇರೆ ಜಾತಿಯ ಕಾನೂನುಗಳು. 2025ರ ನವೆಂಬರ್‌ನಲ್ಲಿ ಬ್ರಿಟನ್ ಸರಕಾರ ಘೋಷಿಸಿದ ಯೋಜನೆಯು ಮರುಮಾರಾಟಕ್ಕೆ ಅವಕಾಶ ಕೊಡುತ್ತದೆ, ಲಾಭಕ್ಕೆ ಕೊಡುವುದಿಲ್ಲ. ಮುಖಬೆಲೆಯ ಜೊತೆಗೆ ಮೊದಲು ಕೊಳ್ಳುವಾಗ ತಪ್ಪದೆ ತೆರಬೇಕಾಗಿದ್ದ ಶುಲ್ಕಗಳನ್ನು ಸೇರಿಸಿದರೆ ಬರುವ ಮೊತ್ತವೇ ಗರಿಷ್ಠ ಬೆಲೆ. ತಾಣಗಳು ವಿಧಿಸುವ ಸೇವಾಶುಲ್ಕಕ್ಕೂ ಮಿತಿ. ಮೊದಲ ಮಾರಾಟದಲ್ಲಿ ಒಬ್ಬರಿಗೆ ಎಷ್ಟು ಟಿಕೆಟ್ ಕೊಳ್ಳಲು ಅವಕಾಶವಿತ್ತೋ ಅದಕ್ಕಿಂತ ಹೆಚ್ಚು ಮರುಮಾರಾಟ ಮಾಡುವಂತಿಲ್ಲ. ಪಾಲಿಸುವ ಹೊಣೆಯನ್ನು ತಾಣಗಳ ಮೇಲೂ ಹಾಕಿ, ತಪ್ಪಿದರೆ ಅವುಗಳ ಜಾಗತಿಕ ವಹಿವಾಟಿನ ಶೇಕಡಾ 10ರವರೆಗೆ ದಂಡ ವಿಧಿಸಬಹುದೆಂದೂ ಹೇಳಿದ್ದಾರೆ. ಅದೇ ವರ್ಷದ ಜನವರಿಯಲ್ಲಿ ಅಭಿಪ್ರಾಯ ಕೇಳಿದಾಗ ಮುಖಬೆಲೆಯ ಮೇಲೆ ಶೇಕಡಾ 30ರವರೆಗೆ ಬಿಡಬಹುದೇ ಎಂಬ ಯೋಚನೆಯೂ ಇತ್ತು. ಅದನ್ನು ಕೈಬಿಟ್ಟದ್ದು ಒಳ್ಳೆಯದಾಯಿತೆಂದು ನನ್ನ ಅನಿಸಿಕೆ, ಏಕೆಂದರೆ ಸಾವಿರಗಟ್ಟಲೆ ಟಿಕೆಟ್ ಬಾಚುವವನಿಗೆ ಶೇಕಡಾ 30 ಕೂಡ ಭರ್ಜರಿ ಲಾಭವೇ. ಐರ್ಲೆಂಡಿನಲ್ಲಿ ದೊಡ್ಡ ಸಭಾಂಗಣ ಮತ್ತು ಕ್ರೀಡಾಂಗಣಗಳ ಮಟ್ಟಿಗೆ 2021ರ ಕಾಯ್ದೆಯಿಂದಲೇ ಮುಖಬೆಲೆ ಮೀರಿದ ಮಾರಾಟ ನಿಂತಿದೆ.

ಫುಟ್‌ಬಾಲಿನ ಕಾನೂನು ಇದಕ್ಕಿಂತ ಬಿಗಿ ಎನಿಸಿದರೂ ಅದರಲ್ಲೊಂದು ಕಿಂಡಿಯಿದೆ. 'ಸಂಘಟಕರ ಲಿಖಿತ ಅನುಮತಿ' ಇದ್ದರೆ ಬೆಲೆಗೆ ಅಲ್ಲಿ ಮೇಲ್ಮಿತಿಯೇ ಇಲ್ಲ. ಟೋಟನ್‌ಹ್ಯಾಮ್ ಕ್ಲಬ್ ಒಂದು ಕಾಲಕ್ಕೆ ಸ್ಟಬ್‌ಹಬ್ ಎಂಬ ಮರುಮಾರಾಟದ ತಾಣದ ಜೊತೆ ಅಧಿಕೃತ ಒಪ್ಪಂದ ಮಾಡಿಕೊಂಡಾಗ, ಮುಖಬೆಲೆಗಿಂತ ಎಷ್ಟೋ ಹೆಚ್ಚಿಗೆ ಸೀಟುಗಳು ಮಾರಾಟಕ್ಕೆ ಬರುತ್ತಿವೆಯೆಂದು ಅದರ ಅಭಿಮಾನಿಗಳ ಸಂಘಟನೆಯೇ ಆಕ್ಷೇಪಿಸಿತ್ತು. ಬೀದಿಯಲ್ಲಿ ನಡೆದಿದ್ದರೆ ಅಪರಾಧವಾಗುತ್ತಿದ್ದ ಮಾರಾಟ, ಕ್ಲಬ್ಬಿನ ಒಪ್ಪಿಗೆ ಇದ್ದುದರಿಂದ ಸಕ್ರಮವಾಯಿತು.

ಒಂದು ಎಚ್ಚರಿಕೆ: ಸರಕಾರದ ಘೋಷಣೆ ಬೇರೆ, ಸಂಸತ್ತು ಅಂಗೀಕರಿಸಿ ಜಾರಿಗೆ ತಂದ ಕಾಯ್ದೆ ಬೇರೆ. ನೀವು ಟಿಕೆಟ್ ಕೊಳ್ಳುವ ದಿನ ಅದು ಜಾರಿಯಲ್ಲಿದೆಯೇ ಎಂಬುದನ್ನು ಬ್ರಿಟನ್ ಸರಕಾರದ ತಾಣದಲ್ಲೇ ನೋಡಿಕೊಳ್ಳಿ, ಮರುಮಾರಾಟದ ತಾಣವನ್ನು ನಂಬಿ ಕೂರಬೇಡಿ. ಬೇರೆ ದೇಶದಲ್ಲಿ ನೋಂದಾಯಿತವಾಗಿರುವ, ಇಂಗ್ಲೆಂಡಿನಲ್ಲಿ ಕಚೇರಿಯೇ ಇಲ್ಲದ ತಾಣಗಳ ಮೇಲೆ ಈ ದಂಡವನ್ನು ವಸೂಲು ಮಾಡುವುದು ಸುಲಭವಲ್ಲ, ಫುಟ್‌ಬಾಲ್ ಟಿಕೆಟ್‌ಗಳು ನಿಮ್ಮ ಕಣ್ಣಿಗೆ ಅಷ್ಟು ಧಾರಾಳವಾಗಿ ಕಾಣುತ್ತಿರುವುದಕ್ಕೂ ಅದೇ ಕಾರಣ.