ಹೇರ್ ಕಲರಿನ ‘ಡೆವಲಪರ್’ಗೆ ಕನ್ನಡದಲ್ಲಿ ಏನನ್ನಬೇಕು?

ಪ್ರಶ್ನೆ:
ಧಾರವಾಡದಲ್ಲಿ ಬ್ಯೂಟಿ ಪಾರ್ಲರ್ ತರಬೇತಿಗೆ ಬರುವ ಹೆಣ್ಣುಮಕ್ಕಳಿಗಾಗಿ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಪರ್ಮನೆಂಟ್ ಹೇರ್ ಕಲರಿನ ಪಾಠದ ಕರಡಿನಲ್ಲಿ ‘ಡೆವಲಪರ್’ ಅನ್ನು ‘ಅಭಿವರ್ಧಕ’ ಎಂದೂ ‘20 ವಾಲ್ಯೂಮ್’ ಅನ್ನು ‘20 ಪ್ರಮಾಣ’ ಎಂದೂ ಬರೆದಿದೆ. ಎರಡೂ ಸರಿ ಕಾಣುತ್ತಿಲ್ಲ. ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಕೆಲಸದವರು ಏನನ್ನುತ್ತಾರೆ? ಬಲ್ಲವರು ತಿಳಿಸಬೇಕು.

ಉತ್ತರ 1:
ಅಕ್ಕಾರ, ‘ಅಭಿವರ್ಧಕ’ ಅಂದರೆ ಕೂದಲು ಬೆಳೆಸುವ ಎಣ್ಣೆ ಅಂದುಕೊಂಡಾರು, ಬಿಟ್ಟುಬಿಡಿ. ಅಂಗಡಿಯಲ್ಲೂ ಪಾರ್ಲರಿನಲ್ಲೂ ಎಲ್ಲರೂ ಡೆವಲಪರ್ ಅಂತಲೇ ಕೇಳುತ್ತಾರೆ. ಹೆಸರು ಹಾಗೇ ಇರಲಿ, ಮೊದಲ ಸಲ ಬಂದಲ್ಲಿ ‘ಬಣ್ಣ ಹತ್ತಿಸುವ ಕ್ರೀಮ್’ ಎಂದು ಬಿಡಿಸಿ ಹೇಳಿ. ಬಣ್ಣ ಹಚ್ಚುವುದು ಬೇರೆ, ಹತ್ತುವುದು ಬೇರೆ ಎಂಬುದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾದ ಮಾತಲ್ಲ. ಟ್ಯೂಬಿನ ಬಣ್ಣವೊಂದನ್ನೇ ಹಚ್ಚಿದರೆ ಹತ್ತುವುದಿಲ್ಲ.

‘20 ಪ್ರಮಾಣ’ ಅಪಾಯದ ಬರಹ. ಅದು ಅಳತೆಯಲ್ಲ, ಡೆವಲಪರಿನ ಕಸುವು. 10 ವಾಲ್ಯೂಮ್ ಅಂದರೆ ಶೇ. 3, 20 ಅಂದರೆ ಶೇ. 6, 30 ಅಂದರೆ ಶೇ. 9, 40 ಅಂದರೆ ಶೇ. 12 ಹೈಡ್ರೋಜನ್ ಪೆರಾಕ್ಸೈಡ್. ಎರಡೂ ಅಂಕಿಗಳನ್ನು ಜೊತೆಗೇ ಬರೆಯಿರಿ. ಬಿಳಿಕೂದಲು ಮುಚ್ಚುವುದಕ್ಕೆ ಸಾಮಾನ್ಯವಾಗಿ 20. ಕಸುವು ಹೆಚ್ಚಾದರೆ ಬಣ್ಣ ಗಟ್ಟಿ ಹತ್ತುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. 30, 40 ಮಾಡುವುದು ಕೂದಲಿನ ಸ್ವಂತ ಬಣ್ಣವನ್ನು ಇನ್ನಷ್ಟು ತಿಳಿ ಮಾಡುವ ಕೆಲಸ. ಬುಡಕ್ಕೆ 30 ಹಚ್ಚಿದರೆ ನೆತ್ತಿಯ ಕಾವಿಗೆ ಬುಡ ಕೆಂಪಗೆ ಎದ್ದು ಕಾಣುತ್ತದೆ, ತುದಿ ಕಪ್ಪಾಗಿಯೇ ಉಳಿಯುತ್ತದೆ. 40 ಅನ್ನಂತೂ ನೆತ್ತಿಗೆ ತಾಗಿಸಲೇಬಾರದು.

ಬೆರಸುವ ಅಳತೆಯನ್ನು ‘1:1.5’ ಎಂದಷ್ಟೇ ಬರೆಯಬೇಡಿ. ‘60 ಗ್ರಾಂ ಟ್ಯೂಬಿಗೆ 90 ಮಿಲಿ ಡೆವಲಪರ್’ ಎಂದು ಬರೆಯಿರಿ. ಕೆಲವು ಕಲರಿಗೆ ಸಮಸಮ, ಕೆಲವಕ್ಕೆ ಎರಡು ಪಟ್ಟು. ಡಬ್ಬಿಯ ಮೇಲಿನ ಮಾತೇ ಅಖೈರು. ಡೆವಲಪರ್ ಹೆಚ್ಚಾದರೆ ಕಲಸಿದ್ದು ತೆಳುವಾಗಿ ಹಣೆಗಿಳಿಯುತ್ತದೆ, ಬಣ್ಣವೂ ಪೇಲವ. ಕಡಿಮೆಯಾದರೆ ಬಣ್ಣ ಪೂರ್ತಿ ಕೂಡುವುದಿಲ್ಲ.

ಉತ್ತರ 2:
ರಸಾಯನಶಾಸ್ತ್ರದ ಕಡೆಯಿಂದ ಎರಡು ಮಾತು. ಪಠ್ಯಪುಸ್ತಕದ ಪದವೇ ಬೇಕಿದ್ದರೆ ‘ಉತ್ಕರ್ಷಣಕಾರಿ’ (ಆಕ್ಸಿಡೈಸರ್, ಅಂದರೆ ಆಮ್ಲಜನಕ ಕೂಡಿಸುವಂಥದ್ದು). ಫೋಟೊ ಫಿಲ್ಮಿನ ಡೆವಲಪರಿಗಾಗಿ ಮಾಡಿದ ಪದಗಳನ್ನು ಇಲ್ಲಿಗೆ ತರಬೇಡಿ, ಅದರ ಕೆಲಸ ಅಪಕರ್ಷಣ, ಇದಕ್ಕೆ ಪೂರಾ ಉಲ್ಟಾ. ಟ್ಯೂಬಿನ ಅಮೋನಿಯ ಕೂದಲಿನ ಹೊರಪದರ ಉಬ್ಬಿಸಿ ದಾರಿ ಬಿಡುತ್ತದೆ. ಒಳಗೆ ಹೋದ ಪೆರಾಕ್ಸೈಡ್ ಕೂದಲಿನ ಸ್ವಂತ ಬಣ್ಣವಾದ ಮೆಲನಿನ್ನನ್ನು ತಿಳಿಗೊಳಿಸುತ್ತದೆ. ಬಣ್ಣವಿಲ್ಲದ ಸಣ್ಣ ಅಣುಗಳನ್ನು ಒಂದಕ್ಕೊಂದು ಕೂಡಿಸಿ, ತೊಳೆದರೂ ಹೊರಬಾರದಷ್ಟು ದೊಡ್ಡ ಬಣ್ಣದ ಅಣು ಮಾಡುತ್ತದೆ. ಎಲೆ, ಅಡಿಕೆ, ಸುಣ್ಣ ಕೂಡಿದ ಮೇಲೆಯೇ ಬಾಯಿ ಕೆಂಪಾಗುವ ಹಾಗೆ.

ವಾಲ್ಯೂಮ್ ಎಂಬ ಹೆಸರೂ ಇಲ್ಲಿಂದಲೇ: 20 ವಾಲ್ಯೂಮಿನ ಒಂದು ಲೀಟರ್ ಪೂರ್ತಿ ಒಡೆದರೆ ಸುಮಾರು 20 ಲೀಟರ್ ಆಮ್ಲಜನಕ ಬರುತ್ತದೆ. ಆದ್ದರಿಂದ ಕಲಸಿದ್ದನ್ನು ಮುಚ್ಚಳ ಬಿಗಿದು ಇಡಬಾರದು, ಡಬ್ಬಿ ಉಬ್ಬಿ ಸಿಡಿಯಬಹುದು. ನಾಳೆಗೆ ಉಳಿಸಿದರೂ ಉಪಯೋಗವಿಲ್ಲ, ಬಣ್ಣ ಬಟ್ಟಲಿನಲ್ಲೇ ಕೂಡಿ ಮುಗಿದಿರುತ್ತದೆ. ಕಬ್ಬಿಣ, ತಾಮ್ರ ಪೆರಾಕ್ಸೈಡನ್ನು ಬೇಗ ಒಡೆಯುತ್ತವೆ. ಪ್ಲಾಸ್ಟಿಕ್ ಇಲ್ಲವೇ ಗಾಜಿನ ಬಟ್ಟಲು ಎಂದು ಸ್ಪಷ್ಟವಾಗಿ ಬರೆಯಿರಿ.

‘ಎಲ್ಲ ಡೈಗೂ ಡೆವಲಪರ್ ಬೇಕು’ ಎಂಬ ಸಾಲು ಕರಡಿನಲ್ಲಿದ್ದರೆ ತೆಗೆಯಿರಿ. ನೀರಿನಲ್ಲಿ ಕಲಸುವ ಪುಡಿ ಡೈಯಲ್ಲಿ ಉತ್ಕರ್ಷಣಕಾರಿ ಪುಡಿಯಲ್ಲೇ ಇರುತ್ತದೆ. ಲೋಹದ ಲವಣ ಬೆರೆಸಿದ ಮೆಹಂದಿ ಹಚ್ಚಿದ್ದ ತಲೆಗೆ ಡೆವಲಪರ್ ತಾಗಿದರೆ ಕೂದಲು ಬಿಸಿಯಾಗಿ ತುಂಡಾಗಬಹುದು. ಹಿಂದೆ ಏನು ಹಚ್ಚಿದ್ದರು ಎಂದು ಕೇಳುವುದನ್ನೂ, ಗೊತ್ತಿಲ್ಲದಿದ್ದರೆ ಒಂದೆರಡು ಎಳೆ ಕತ್ತರಿಸಿ ಅವುಗಳ ಮೇಲೆ ಪರೀಕ್ಷಿಸುವುದನ್ನೂ ಪಾಠದ ಮೊದಲ ಹೆಜ್ಜೆಯಾಗಿಸಿ. ‘ಪ್ಯಾಚ್ ಟೆಸ್ಟ್’ ಎಂಬಲ್ಲಿ ‘48 ತಾಸು ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡುವುದು; ತುರಿಕೆ, ಬಾವು ಬಂದರೆ ಕಲರ್ ಬೇಡ’ ಎಂದು ಬರೆದರೆ ಬೇರೆ ಪದ ಬೇಕಾಗಲಿಕ್ಕಿಲ್ಲ.