ಪಿಂಚಣಿ ತಗೊಂಡ್ರೆ ಕೋವಿ ಹೋಗುತ್ತಾ? ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎರಡು ವಾರದಿಂದ ಒಂದು ಮೆಸೇಜ್ ಎಲ್ಲ ಗುಂಪುಗಳಲ್ಲೂ ಸುತ್ತುತ್ತಿದೆ. "ಮಾನಸಿಕ ಕಾಯಿಲೆಗೆ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಮಾಡಿಸಿದವರು, ಅಂಗವಿಕಲ ಪಿಂಚಣಿ ತಗೊಂಡವರು ಕೋವಿ ಲೈಸೆನ್ಸ್ ಕಳ್ಕೊಳ್ತಾರೆ. ಅಮೆರಿಕದಲ್ಲಿ ಈಗಾಗಲೇ ಜಾರಿ" ಅಂತ. ನಮ್ಮ ಗುಂಪಿನ ಡಾಕ್ಟರ್ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರಾಗಿದ್ದು ನಿವೃತ್ತರಾದವರು. ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಅಡಿಕೆ ಗೊನೆ: ನಮಸ್ಕಾರ ಡಾಕ್ಟ್ರೇ. ನೇರ ಪ್ರಶ್ನೆ. ಕಾರ್ಡ್ ಮಾಡಿಸಿದ್ರೆ ಲೈಸೆನ್ಸ್ ರದ್ದಾಗುತ್ತಾ?

ಡಾಕ್ಟರ್: ನಮಸ್ಕಾರ. ಕಾರ್ಡ್ ಇದೆ ಅನ್ನುವ ಒಂದೇ ಕಾರಣಕ್ಕೆ ರದ್ದಾಗುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಹೇಳುವುದು ಬುದ್ಧಿ ಸ್ಥಿಮಿತ ಇಲ್ಲದವರಿಗೆ ಲೈಸೆನ್ಸ್ ಕೊಡಬಾರದು, ಕೊಟ್ಟಿದ್ದರೆ ಅಮಾನತು ಅಥವಾ ರದ್ದು ಮಾಡಬಹುದು ಅಂತ. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್ ಓದಿ. ಮಾನಸಿಕ ಕಾಯಿಲೆ ಇದೆ ಅಂದಮಾತ್ರಕ್ಕೆ ಆ ವ್ಯಕ್ತಿಗೆ ಬುದ್ಧಿ ಸ್ಥಿಮಿತ ಇಲ್ಲ ಅಂತ ಅರ್ಥವಲ್ಲ, ಹಾಗೆ ಹೇಳಬೇಕಾದ್ದು ಕೋರ್ಟು ಅಂತ ಅಲ್ಲಿ ಸ್ಪಷ್ಟವಾಗಿದೆ. ಕಾರ್ಡಿಗೆ ನಾವು ಅಳೆಯುವುದೇ ಬೇರೆ. ಸ್ನಾನ-ಊಟ ತಾನೇ ನೋಡಿಕೊಳ್ತಾನಾ, ಜನರ ಜೊತೆ ಹೇಗಿದ್ದಾನೆ, ಹೇಳಿದ್ದು ಅರ್ಥವಾಗುತ್ತಾ, ಕೆಲಸ ಮಾಡ್ತಾನಾ, ಕಾಯಿಲೆ ಶುರುವಾಗಿ ಎಷ್ಟು ವರ್ಷ. ಇಷ್ಟರ ಮೇಲೆ ಶೇಕಡಾವಾರು ಹಾಕುತ್ತೇವೆ. 40 ಮುಟ್ಟಿದರೆ ಸೌಲಭ್ಯ. ಕೋವಿ ವಿಷಯ ಆ ಹಾಳೆಯಲ್ಲಿ ಎಲ್ಲೂ ಇಲ್ಲ.

ಕಾಳುಮೆಣಸು: ಹಾಗಾದ್ರೆ ಆಸ್ಪತ್ರೆಯಿಂದ ಠಾಣೆಗೆ ಪಟ್ಟಿ ಹೋಗಲ್ವಾ?

ಡಾಕ್ಟರ್: ಕಾರ್ಡ್ ಮಾಡಿಸಿದವರ ಪಟ್ಟಿಯನ್ನು ಪೊಲೀಸರಿಗೆ ಕಳಿಸಿ ಅನ್ನುವ ಕಾನೂನಿಲ್ಲ. ರೋಗಿಯ ವಿಷಯ ಗುಟ್ಟಾಗಿಡಬೇಕು ಅನ್ನುವ ಕಾನೂನು ಇದೆ. ಯಾರದ್ದಾದರೂ ಜೀವಕ್ಕೆ ಅಪಾಯ ಅಂತ ಕಂಡಾಗ, ಇಲ್ಲಾ ಕೋರ್ಟ್ ಆದೇಶ ಇದ್ದಾಗ, ಇಂಥ ಕೆಲವೇ ಸಂದರ್ಭಗಳಲ್ಲಿ ಬಾಯಿ ಬಿಡಬಹುದು.

ಹೊಳೆಬದಿ: ಸರ್, ಯುಡಿಐಡಿ ಮಾಡಿಸಿದ್ರೆ ಲೈಸೆನ್ಸ್ ಹೋಗುತ್ತಾ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಮಂಗನ ಕಾಟ: ಸರ್, ಏರ್ ಗನ್‌ಗೆ ಲೈಸೆನ್ಸ್ ಬೇಕಾ?

ಏಲಕ್ಕಿ ಮನೆ: ತಮ್ಮನಿಗೆ ಸ್ಕಿಜೋಫ್ರೇನಿಯಾ. ಕಾರ್ಡಲ್ಲಿ 60 ಪರ್ಸೆಂಟ್ ಇದೆ. ಕೋವಿ ನನ್ನ ಹೆಸರಲ್ಲಿದೆ, ಒಂದೇ ಮನೆ. ತೊಂದರೆ ಇದೆಯಾ?

ಡಾಕ್ಟರ್: ನಿಮ್ಮ ಲೈಸೆನ್ಸಿಗೆ ತಮ್ಮನ ಕಾರ್ಡ್ ಅಡ್ಡ ಬರುವುದಿಲ್ಲ. ಕೋವಿಗೆ ಬೀಗ, ತೋಟಾ ಬೇರೆ ಕಪಾಟಿನಲ್ಲಿ, ಎರಡು ಕೀಲಿಯೂ ನಿಮ್ಮ ಹತ್ತಿರ. ಗೋಡೆಗೆ ಮೊಳೆ ಹೊಡೆದು ನೇತುಹಾಕುವ ಅಭ್ಯಾಸ ಬಿಡಿ. ಇದು ತಮ್ಮನಿಗಾಗಿ ಮಾತ್ರ ಹೇಳುತ್ತಿಲ್ಲ. ಮಕ್ಕಳಿರುವ ಎಲ್ಲ ಮನೆಗೂ ಇದೇ.

ಗುಡ್ಡದ ತೋಟ: ಫಾರ್ವರ್ಡ್ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ. "ಲೈಸೆನ್ಸ್ ರಿನ್ಯೂವಲ್‌ಗೆ ಮುಂಚೆ 21 ದಿನ ತಲೆಯ ಮಾತ್ರೆ ಬಿಟ್ಟು ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದೆಲಗದ ರಸ ಕುಡಿಯಿರಿ. ರಕ್ತದಲ್ಲಿ ಮಾತ್ರೆ ಕಾಣಲ್ಲ, ಮೆಡಿಕಲ್ ಸರ್ಟಿಫಿಕೇಟ್ ಸಲೀಸು." 🙏

ಡಾಕ್ಟರ್: ದಯವಿಟ್ಟು ಅಳಿಸಿ. ಒಂದೆಲಗದ ತಂಬುಳಿ ನಾನೂ ಉಣ್ಣುತ್ತೇನೆ. ಅದು ಊಟ. ಮನಸ್ಸಿನ ಏರಿಳಿತ ಹಿಡಿದಿಡುವ ಲಿಥಿಯಂ ಮಾತ್ರೆಯ ಜಾಗಕ್ಕೆ ತಂಬುಳಿ ಬರುವುದಿಲ್ಲ. ಲಿಥಿಯಂ ದಿಢೀರ್ ಬಿಟ್ಟವರಲ್ಲಿ ಕಾಯಿಲೆ ಮರುಕಳಿಸುವುದು, ಜೀವದ ಮೇಲೆ ಬೇಸರ ಬರುವುದು ಜಾಸ್ತಿ. ಕೋವಿ ಉಳಿಸಿಕೊಳ್ಳಲು ಮಾತ್ರೆ ಬಿಡಿ ಅಂತ ಬರೆದವನ ಕೈಗೆ ಸಿಕ್ಕರೆ ಎರಡು ಮಾತು ಹೇಳುವುದಿದೆ.

ಗುಡ್ಡದ ತೋಟ: ನಾನು ಬರೆದದ್ದಲ್ಲ ಸರ್, ಫಾರ್ವರ್ಡ್ ಅಷ್ಟೇ.

ಡಾಕ್ಟರ್: ಕಳಿಸಿದ್ದು ನೀವೇ ತಾನೇ.

ಸಾಗರದವ, ಈಗ ಡಲ್ಲಾಸ್: ಅಮೆರಿಕದ ಕಥೆ ನಾನು ಹೇಳ್ತೀನಿ, ಅರ್ಧ ಸುಳ್ಳು ಅದು. ಇಲ್ಲಿನ ಸೋಶಿಯಲ್ ಸೆಕ್ಯುರಿಟಿ ಇಲಾಖೆ 2016ರ ಡಿಸೆಂಬರ್‌ನಲ್ಲಿ ಒಂದು ನಿಯಮ ತಂದದ್ದು ನಿಜ. ಮಾನಸಿಕ ಕಾಯಿಲೆಗೆ ಭತ್ಯೆ ತಗೊಳ್ಳುವವರಲ್ಲಿ, ದುಡ್ಡನ್ನು ತಾವೇ ನಿಭಾಯಿಸಲಾಗದೆ ಬೇರೆಯವರ ಕೈಗೆ ಕೊಟ್ಟಿರುವವರ ಹೆಸರು ಬಂದೂಕು ಕೊಡಬಾರದವರ ತಪಾಸಣೆ ಪಟ್ಟಿಗೆ ಹೋಗಬೇಕು ಅಂತ. ವರ್ಷಕ್ಕೆ 75,000 ಜನ ಅಂತ ಅಂದಾಜು ಹಾಕಿದ್ದರು. ಅಂಗವಿಕಲರ ಸಂಘಟನೆಗಳೂ ವಿರೋಧಿಸಿದವು, ಬಂದೂಕಿನ ಪರ ಇರುವವರೂ ವಿರೋಧಿಸಿದರು. ಸಂಸತ್ತು ಅದನ್ನು ತೆಗೆದುಹಾಕಿತು, 2017ರ ಫೆಬ್ರವರಿ 28ಕ್ಕೆ ಟ್ರಂಪ್ ಸಹಿ ಬಿತ್ತು. ಹುಟ್ಟಿದ ಎರಡೇ ತಿಂಗಳಿಗೆ ಸತ್ತ ನಿಯಮ. ಫಾರ್ವರ್ಡ್ ಇನ್ನೂ ಬದುಕಿದೆ.

ಕಾಳುಮೆಣಸು: ಮಾಜಿ ಸೈನಿಕರದ್ದು ಏನೋ ಇತ್ತಲ್ಲ?

ಸಾಗರದವ, ಈಗ ಡಲ್ಲಾಸ್: ಇತ್ತು. ಪಿಂಚಣಿ ದುಡ್ಡು ನೋಡಿಕೊಳ್ಳಲು ಮಾಜಿ ಸೈನಿಕರ ಇಲಾಖೆ ಬೇರೆಯವರನ್ನು ನೇಮಿಸಿದರೆ ಆ ಸೈನಿಕನ ಹೆಸರು ಪಟ್ಟಿಗೆ ಹೋಗುತ್ತಿತ್ತು. ಲೆಕ್ಕ ಇಡಲು ಬಾರದವನು ಗುಂಡು ಹೊಡೆಯಲೂ ಬಾರದವನಾ ಅಂತ ವರ್ಷಗಟ್ಟಲೆ ಜಗಳ. 2024ರ ಮಾರ್ಚ್‌ನ ಬಜೆಟ್ ಕಾಯ್ದೆಯಲ್ಲಿ, ನ್ಯಾಯಾಧೀಶರ ಆದೇಶ ಇಲ್ಲದೆ ಕಳಿಸಬೇಡಿ ಅಂತ ತಡೆ ಹಾಕಿದರು. ಫೆಡರಲ್ ಕಾನೂನಿನಲ್ಲಿ ಬಂದೂಕಿನ ಹಕ್ಕು ಹೋಗುವುದು ಕೋರ್ಟ್ ಅಥವಾ ಅಧಿಕೃತ ಮಂಡಳಿ ತೀರ್ಮಾನಿಸಿದರೆ, ಇಲ್ಲಾ ಬಲವಂತವಾಗಿ ಆಸ್ಪತ್ರೆಗೆ ಸೇರಿಸಿದರೆ. ತಾನೇ ಹೋಗಿ ಸೇರಿಕೊಂಡರೆ ಅದು ಲೆಕ್ಕಕ್ಕಿಲ್ಲ. ಆದರೆ ಕೆಲವು ರಾಜ್ಯಗಳು ಇನ್ನೂ ಬಿಗಿ.

ಹೊಳೆಬದಿ: ನಿಮ್ಮ ಹತ್ತಿರ ಎಷ್ಟಿದೆ ಮಾರಾಯ್ರೆ? 😄

ಸಾಗರದವ, ಈಗ ಡಲ್ಲಾಸ್: ನಾನು ಎಚ್1ಬಿ, ಕೆಲಸದ ವೀಸಾದಲ್ಲಿ ಬಂದವ. ಬೇಟೆ ಲೈಸೆನ್ಸಿನಂಥ ವಿನಾಯಿತಿ ಇಲ್ಲದೆ ನನಗೆ ಮುಟ್ಟುವ ಹಾಗೂ ಇಲ್ಲ.

ಮಂಗನ ಕಾಟ: ಏರ್ ಗನ್ ಬಗ್ಗೆ ಯಾರಾದ್ರೂ ಹೇಳಿ.

ಮಡಿಕೇರಿ ಮಂಜು: ನಮಗೆ ಕೊಡವರಿಗೆ ಇದೆಲ್ಲ ತಲೆಬಿಸಿ ಇಲ್ಲ. ಲೈಸೆನ್ಸೇ ಬೇಡ, ವಿನಾಯಿತಿ ಪತ್ರ ಸಾಕು.

ಅಡಿಕೆ ಗೊನೆ: ಅದೇ ನಮ್ಮ ಹೊಟ್ಟೆಯುರಿ. ಹಂದಿ ನಿಮ್ಮ ತೋಟಕ್ಕೂ ಬರುತ್ತೆ, ನಮ್ಮ ಗದ್ದೆಗೂ ಬರುತ್ತೆ. ಒಂದು ಕೇಪಿನ ಕೋವಿಗೆ ನಾವು ಡಿಸಿ ಕಚೇರಿ ಮೆಟ್ಟಿಲು ಸವೆಸಬೇಕು.

ಮಡಿಕೇರಿ ಮಂಜು: ಹಂದಿ ಲೆಕ್ಕ ಅಲ್ಲ ಅದು. ಕೈಲ್ ಪೊಳ್ದ್ ಹಬ್ಬಕ್ಕೆ ನಾವು ಕೋವಿ ಪೂಜೆ ಮಾಡ್ತೀವಿ. 2021ರಲ್ಲಿ ಹೈಕೋರ್ಟೇ ವಿನಾಯಿತಿ ಸರಿ ಅಂದಿದೆ. 2029ರವರೆಗೆ ಇದೆ.

ಅಡಿಕೆ ಗೊನೆ: ಆಯುಧಪೂಜೆಗೆ ನಾವೂ ಕೋವಿಗೆ ಕುಂಕುಮ ಹಚ್ತೀವಿ. ನಮಗೂ ಕೊಡಿ ವಿನಾಯಿತಿ.

ಮಡಿಕೇರಿ ಮಂಜು: ನೀವು ಟ್ರ್ಯಾಕ್ಟರಿಗೂ ಹಚ್ತೀರಿ.

ಅಡ್ಮಿನ್: ಸಾಕು ಇಬ್ಬರೂ.

ಡಾಕ್ಟರ್: ಮಂಜು ಅವರೇ, ಲೈಸೆನ್ಸಿಗೆ ವಿನಾಯಿತಿ ಸಿಕ್ಕಿದೆ, ಒಪ್ಪಿದೆ. ಕಾಯಿಲೆಗೆ ವಿನಾಯಿತಿ ಕೊಡುವ ಸರ್ಕಾರ ಇನ್ನೂ ಬಂದಿಲ್ಲ.

ಮಳೆಗಾಲದ ಹುಡುಗಿ: ಡಾಕ್ಟರ್, ಪರ್ಸನಲ್ ಮೆಸೇಜ್ ಹೋಗ್ತಿಲ್ಲ, ಅದಕ್ಕೆ ಇಲ್ಲೇ ಬರೀತಿದ್ದೀನಿ. ಅಪ್ಪಯ್ಯನಿಗೆ 61. ಬೈಪೋಲಾರ್ ಅಂತ ಒಂಬತ್ತು ವರ್ಷದಿಂದ ಲಿಥಿಯಂ ತಗೊಳ್ತಿದ್ರು, ಚೆನ್ನಾಗಿದ್ರು. ಲೈಸೆನ್ಸ್ ರಿನ್ಯೂವಲ್ ಹತ್ತಿರ ಬಂತು. ಆ ಒಂದೆಲಗದ ಮೆಸೇಜ್ ನೋಡಿ ಹದಿನೆಂಟು ದಿನದಿಂದ ಮಾತ್ರೆ ಬಿಟ್ಟಿದ್ದಾರೆ. ಕಾರ್ಡಿನ ಅರ್ಜಿಯನ್ನೂ ಹರಿದು ಹಾಕಿದ್ರು. ರಾತ್ರಿ ನಿದ್ದೆ ಇಲ್ಲ. ಜಗಲಿಯಲ್ಲಿ ದೀಪ ಹಾಕ್ಕೊಂಡು ಕೋವಿ ಒರೆಸ್ತಾ ಕೂತಿರ್ತಾರೆ ಅಂತ ಅಮ್ಮ ಹೇಳ್ತಾಳೆ. ಮೊನ್ನೆ ನನ್ನನ್ನು ಕರೆದು ಪಹಣಿ ಎಲ್ಲಿದೆ, ಸೊಸೈಟಿ ಪಾಸ್‌ಬುಕ್ ಎಲ್ಲಿದೆ, ಯಾರು ಎಷ್ಟು ಕೊಡಬೇಕು ಅಂತ ಎಲ್ಲ ತೋರಿಸಿದ್ರು. ರಿನ್ಯೂವಲ್ ಆದಮೇಲೆ ಮಾತ್ರೆ ಶುರು ಮಾಡಿದ್ರೆ ಸಾಕಾ?

ಡಾಕ್ಟರ್: ಸಾಕಾಗುವುದಿಲ್ಲ ತಾಯಿ. ಉಳಿದವರು ಸ್ವಲ್ಪ ಸುಮ್ಮನಿರಿ.

ಕೋವಿ ಒರೆಸುವುದು ದೊಡ್ಡ ವಿಷಯವಲ್ಲ, ಮಳೆಗಾಲದಲ್ಲಿ ಎಲ್ಲರೂ ಒರೆಸುತ್ತಾರೆ. ನನಗೆ ಹೆದರಿಕೆ ಆದದ್ದು ಪಾಸ್‌ಬುಕ್ ತೋರಿಸಿದ ಮಾತಿಗೆ. ನಿದ್ದೆ ಇಲ್ಲ, ಮಾತ್ರೆ ಬಿಟ್ಟಿದ್ದಾರೆ, ಲೆಕ್ಕ ಒಪ್ಪಿಸುತ್ತಿದ್ದಾರೆ, ಕೈಗೆಟಕುವಲ್ಲಿ ಕೋವಿ. ಇವು ಒಟ್ಟಿಗೆ ಬಂದಾಗ ನಾನು ಬೆಳಗಾಗಲಿ ಅಂತ ಕಾಯುವುದಿಲ್ಲ. ಜೀವ ಬೇಡ ಅನ್ನಿಸುವ ಗಳಿಗೆ ಬಂದು ಹೋಗುವಂಥದ್ದು. ಆ ಗಳಿಗೆಯಲ್ಲಿ ಕೋವಿ ದೂರ ಇದ್ದರೆ ಮನುಷ್ಯ ಉಳಿಯುತ್ತಾನೆ.

ಕೋವಿ ಇವತ್ತೇ ಮನೆಯಿಂದ ಆಚೆ ಹೋಗಲಿ. ನೀವು ಅಡಗಿಸಿಡಬೇಡಿ. ಲೈಸೆನ್ಸ್ ಇಲ್ಲದವರ ಹತ್ತಿರ ಇದ್ದರೆ ಅದೂ ಅಪರಾಧ, ಅವರು ಹುಡುಕಿ ತೆಗೆದರೆ ಇನ್ನೂ ಅನಾಹುತ. ಎಲೆಕ್ಷನ್ ಬಂದಾಗ ಠಾಣೆಗೆ ಜಮಾ ಮಾಡಿ ರಸೀದಿ ತರುತ್ತೀರಲ್ಲ, ಅದೇ ದಾರಿ. ಠಾಣೆ ಬೇಡ ಅಂದರೆ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಜೋಪಾನಕ್ಕೆ ಇಡಬಹುದು. ಅಪ್ಪಯ್ಯನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಆದರೆ ಕೋವಿ, ತೋಟಾ ಎರಡೂ ಇನ್ನೊಬ್ಬ ಗಟ್ಟಿ ಮನುಷ್ಯನ ಕೈಯಲ್ಲಿರಲಿ. ಅವರು ಒಪ್ಪದಿದ್ದರೆ ಜಗ್ಗಾಡಬೇಡಿ, 112ಕ್ಕೆ ಫೋನ್ ಮಾಡಿ. ನಾವಾಗಿಯೇ ಜೋಪಾನಕ್ಕೆ ಇಟ್ಟರೆ ಅದು ಲೈಸೆನ್ಸ್ ರದ್ದಾದ ಹಾಗಲ್ಲ. ಇದನ್ನು ಅವರಿಗೆ ಮೊದಲು ಹೇಳಿ. ಅವರು ಹೆದರಿರುವುದೇ ಆ ವಿಷಯಕ್ಕೆ.

"ಅಪ್ಪಯ್ಯ, ಸಾಯಬೇಕು ಅನ್ನಿಸ್ತಿದೆಯಾ" ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ಸುಳ್ಳು. ರಾತ್ರಿ ಒಬ್ಬರನ್ನೇ ಬಿಡಬೇಡಿ. ಹಳೆಯ ಮಾತ್ರೆ ನೀವೇ ಶುರು ಮಾಡಬೇಡಿ, ಬರೆದುಕೊಟ್ಟ ವೈದ್ಯರ ಹತ್ತಿರ ಇವತ್ತೇ ಮಾತಾಡಿ, ಅವರು ಪ್ರಮಾಣ ಹೇಳಲಿ. ಸಿಗದಿದ್ದರೆ ಜಿಲ್ಲಾಸ್ಪತ್ರೆಗೆ. 14416 ಟೆಲಿ ಮಾನಸ್, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಅಡ್ಮಿನ್ ಹತ್ತಿರ ನನ್ನ ನಂಬರ್ ಇದೆ, ಈಗಲೇ ಕರೆ ಮಾಡಿ.

ಇನ್ನು ಸರ್ಟಿಫಿಕೇಟ್. ಲೈಸೆನ್ಸ್ ಅರ್ಜಿ ಜೊತೆ ದೇಹ, ಮನಸ್ಸು ಎರಡೂ ಸರಿಯಿದೆ ಅಂತ ವೈದ್ಯರ ಪತ್ರ ಕೇಳುತ್ತಾರೆ. ಅದಕ್ಕೆ ನಾನೂ ಸಹಿ ಹಾಕಿದ್ದೇನೆ, ಬೈಪೋಲಾರ್ ಇದ್ದವರಿಗೂ ಹಾಕಿದ್ದೇನೆ. ಒಂಬತ್ತು ವರ್ಷ ಮಾತ್ರೆ ತಪ್ಪಿಸದವನಿಗೆ ಸಹಿ ಹಾಕಲು ನನಗೆ ಧೈರ್ಯ ಇರುತ್ತಿತ್ತು. ಹದಿನೆಂಟು ದಿನದಿಂದ ಬಿಟ್ಟವನಿಗೆ ಹಾಕುವುದಿಲ್ಲ.

ಗುಡ್ಡದ ತೋಟ: ದೇವರು ಒಳ್ಳೇದು ಮಾಡ್ಲಿ. ಆದ್ರೂ ಹುಚ್ಚು ಇರೋರಿಗೆ ಕೋವಿ ಕೊಡೋದೇ ತಪ್ಪು ಅಲ್ವಾ?

ಏಲಕ್ಕಿ ಮನೆ: ಯಾರನ್ನ ಹುಚ್ಚು ಅಂತೀರಿ? ನನ್ನ ತಮ್ಮ ಇದನ್ನ ಓದ್ತಾನೆ.

ಗುಡ್ಡದ ತೋಟ: ಸಾಮಾನ್ಯವಾಗಿ ಹೇಳಿದ್ದು.

ಏಲಕ್ಕಿ ಮನೆ: ನಿಮ್ಮ ಫಾರ್ವರ್ಡಿಂದ ಒಬ್ಬರ ಮನೆ ಹೀಗಾಗಿದೆ. ಈಗ ಉಪದೇಶ ಬೇರೆ.

ಕಾಳುಮೆಣಸು: ಕುಡಿದು ತೋಟದ ಬೇಲಿ ಜಗಳಕ್ಕೆ ಕೋವಿ ಎತ್ತಿದವನಿಗೆ ಯಾವ ಕಾರ್ಡೂ ಇರಲಿಲ್ಲ ನಮ್ಮೂರಲ್ಲಿ.

ಹೊಸಮನೆ: ಸರ್, ಪಿಂಚಣಿ ಬಂದ್ರೆ ಕೋವಿ ಹೋಗುತ್ತಾ?

ಡಾಕ್ಟರ್: ಓದಿ.

ಹೊಸಮನೆ: ಇಷ್ಟು ಉದ್ದ ಯಾರು ಓದ್ತಾರೆ, ಹೌದು ಇಲ್ಲ ಅಂತ ಹೇಳಿದ್ರೆ ಆಗಲ್ವಾ?

ಡಾಕ್ಟರ್: ಇಲ್ಲ.

ಹೊಸಮನೆ: ಅಂದ್ರೆ ಹೋಗಲ್ಲ ಅಂತಾನಾ, ಹೇಳಕ್ಕಾಗಲ್ಲ ಅಂತಾನಾ?

ಅಡಿಕೆ ಗೊನೆ: ಅಯ್ಯೋ ಮಾರಾಯ.

ಮಡಿಕೇರಿ ಮಂಜು: ಟ್ರ್ಯಾಕ್ಟರ್ ಮಾತಿಗೆ ಬೇಜಾರಾಗಿದ್ರೆ ಕ್ಷಮೆ ಇರಲಿ. ಆದ್ರೆ ವಿನಾಯಿತಿ ವಿಷಯದಲ್ಲಿ ನಾನು ಹೇಳಿದ್ದೇ ಸರಿ.

ಮಳೆಗಾಲದ ಹುಡುಗಿ: ಡಾಕ್ಟರ್, ಫೋನಲ್ಲಿ ಹೇಳಿದ ಹಾಗೆ ಮಾಡಿದ್ವಿ. ಚಿಕ್ಕಪ್ಪ ಬಂದು ಅಪ್ಪಯ್ಯನ ಜೊತೆ ಹೋಗಿ ಠಾಣೆಯಲ್ಲಿ ಇಟ್ಟು ಬಂದ್ರು. ತೋಟಾ ಹನ್ನೊಂದಿತ್ತು, ಅದನ್ನೂ ರಸೀದಿಯಲ್ಲಿ ಬರೆಸಿದ್ದಾರೆ. ರಸೀದಿ ಅಪ್ಪಯ್ಯನ ಜೇಬಲ್ಲೇ ಇದೆ, ಯಾರಿಗೂ ಕೊಡ್ತಿಲ್ಲ. ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಈಗ ಜಿಲ್ಲಾಸ್ಪತ್ರೆಗೆ ಹೊರಟಿದ್ದೀವಿ.

ಡಾಕ್ಟರ್: ರಸೀದಿ ಅವರ ಹತ್ತಿರವೇ ಇರಲಿ. ಮಾತ್ರೆಯ ಹಳೆಯ ಚೀಟಿ ತಗೊಂಡು ಹೋಗಿ. ತಲುಪಿದ ಮೇಲೆ ಫೋನ್ ಮಾಡಿ, ಎಷ್ಟೊತ್ತಾದರೂ ಎದ್ದಿರುತ್ತೇನೆ.

ಮಂಗನ ಕಾಟ: ಏರ್ ಗನ್ ಸರ್...

ಅಡ್ಮಿನ್: ಕಾಮೆಂಟ್ ಬಂದ್ ಮಾಡಿದ್ದೇನೆ.